ಬೊಂಬೆಯ ತಲೆ ಕೊಂಡ್ಲಹಳ್ಳಿಗೆ ಹೋದದ್ದು

ಚಳ್ಳಕೆರೆಯಲ್ಲಿ ಕಲಾಯಿ ನೂರ್ ಅಹಮ್ಮದ್ ಅಂದರೆ ಸುತ್ತಲ ಹಳ್ಳಿಯವರಿಗೆಲ್ಲ ಗೊತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋದು, ತಗಡಿನಲ್ಲಿ ಡಬ್ಬ, ಎಣ್ಣೆ ಸುರಿಯೋ ಲಾಳಿಕೆ ಮಾಡೋದು ಅವನ ಕಸುಬು. ಚೀಟಿ ಬರೆದುಕೊಡೋ ರೂಢಿ ಅವನಲ್ಲಿ ಇರಲಿಲ್ಲ. ಪಾತ್ರೆ ತಂದವರು ಮನೆಯ ಹಳೇ ಬಟ್ಟೆಯ ಚೂರೊಂದನ್ನು ಅದರ ಕಿವಿಗೆ ಕಟ್ಟಿ ಹೋಗೋರು. ಯಾರ ಬಟ್ಟೆ ಅನ್ನೋದನ್ನ ಅವನು ತಲೆಯಲ್ಲಿ ಇಟ್ಟುಕೊಳ್ಳೋನು. ಇಪ್ಪತ್ತೈದು ವರ್ಷದಲ್ಲಿ ಒಬ್ಬರ ಪಾತ್ರೆ ಇನ್ನೊಬ್ಬರ ಮನೆ ಸೇರಿದ್ದಿಲ್ಲ. ಬಟ್ಟೆ ಇಲ್ಲ ಅಂದರೆ ಅದು ಗುಜರಿ, ಅವನೇ ಕೊಂಡದ್ದು.

ತೊಂಬತ್ತೇಳನೇ ಇಸವಿ ಇರಬೇಕು. ಭಾನುವಾರ ಬೆಳಿಗ್ಗೆ ಎದುರಿನ ಸೈಕಲ್ ಶಾಪಿನ ಪಾಲಣ್ಣನ ಟಿವಿಯಲ್ಲಿ ಒಂದು ಧಾರಾವಾಹಿ ಬರೋದು. ಅದರಲ್ಲೊಂದು ರೋಬೋಟು. ಗುಂಡು ತಲೆ, ಮಿಣುಕೋ ಕಣ್ಣು, ಎತ್ತಿನಂಗೆ ನಿಧಾನ ನಡಿಗೆ. ಅರ್ಧ ಬೀದಿ ಅಲ್ಲೇ ಕೂತಿರೋದು.

"ಫಾರಿನ್ ಮಾಲು ಅದು" ಅಂದ ಪಾಲಣ್ಣ.

"ಎಲ್ಲಿಯ ಫಾರಿನ್ನು! ಎಣ್ಣೆ ಡಬ್ಬ ಐತೆ ಅದು. ಮೊಣಕೈ ನೋಡು, ಲಾಳಿಕೆ ತಿರುಗಿಸಿ ಇಟ್ಟವ್ರೆ. ನಾನೇ ಮಾಡ್ತೀನಿ" ಅಂದುಬಿಟ್ಟ ನೂರ್ ಅಹಮ್ಮದ್.

"ಮಾಡ್ರಿ ಸಾಬ್ರೇ, ನೋಡಾನ. ಬರೀ ಬಾಯಲ್ಲಿ ಕಲಾಯಿ ಹಾಕ್ಬ್ಯಾಡ್ರಿ."

ಬೀದಿಯೆಲ್ಲ ನಕ್ಕಿತು. ಐವತ್ತು ದಾಟಿದವನಿಗೆ ಅದು ನಾಟಿತು ನೋಡಿ. ಮಾರನೇ ದಿನವೇ ಮಿಲ್ಲಿನಿಂದ ಎಣ್ಣೆ ಡಬ್ಬ ತಂದು ಎದೆ ಮಾಡಿದ, ತಗಡು ಸುತ್ತಿ ಕಾಲು ಮಾಡಿದ. ಊಟದ ನೆನಪಿಲ್ಲ, ಗಿರಾಕಿಯ ಗೊಡವೆಯಿಲ್ಲ. ಬೆಸುಗೆ ಒರೆಸೋಕೆ ಬಟ್ಟೆ ಬೇಕಾದಾಗ ಪಕ್ಕದ ತಪ್ಪಲೆಗೆ ಕಟ್ಟಿದ್ದ ಹಸಿರು ಚೌಕಳಿ ಚೂರನ್ನು ಎಳೆದುಕೊಂಡ. ಆಮೇಲೆ ಕಟ್ಟಿದರಾಯ್ತು ಅಂದುಕೊಂಡ. ಮರೆತ.

ಎರಡು ದಿನ ಬಿಟ್ಟು ತಲೆಗೆ ಹುಡುಕಿದರೆ ಮೂಲೆಯಲ್ಲಿ ಮಸಿ ಹಿಡಿದ ಹಿತ್ತಾಳೆ ತಪ್ಪಲೆ. ಬಟ್ಟೆ ಇಲ್ಲ, ಗುಜರಿ. ಬೋರಲು ಹಾಕಿದರೆ ಅಚ್ಚು ಅದೇ ತಲೆ! ಉಳಿ ಇಟ್ಟು ಕಣ್ಣಿಗೆ ರೂಪಾಯಿ ಅಗಲದ ಎರಡು ತೂತು ಹೊಡೆದ. ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜಿದ. ಮಸಿ ಹೋದಂಗೆ ಚುಕ್ಕಿ ಚುಕ್ಕಿ ಅಕ್ಷರ ಎದ್ದವು. ತವರಿನವರು ಮದುವೆಗೆ ಕೊಡೋ ಪಾತ್ರೆಗೆ ಹೆಸರು ಹೊಡೆಸ್ತಾರಲ್ಲ, ಅದು. ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಸೂರಪ್ಪನ ಮಗಳು ಚಿ..." ಮುಂದೆ ತೂತು.

ವಾರದ ಹಿಂದೆ ಕಲಾಯಿಗೆ ಕೊಟ್ಟುಹೋಗಿದ್ದ ಕೊಂಡ್ಲಹಳ್ಳಿ ಚಿನ್ನಕ್ಕನದು. ಒರೆಸೋಕೆ ಎಳೆದುಕೊಂಡ ಹಸಿರು ಚೂರು ಅವಳದೇ ಅಂತ ಆಗ ನೆನಪಾಯಿತು.

ಗುರುವಾರ ಚಿನ್ನಕ್ಕ ಬಂದಳು. ಅವಳನ್ನು ದೂರದಿಂದ ಕಂಡವನೇ, ತಪ್ಪಲೆಯನ್ನೇ ತಲೆಗಿಟ್ಟಿದ್ದ ರೋಬೋಟಿನ ಮೇಲೆ ಗೋಣಿಚೀಲ ಎಳೆದ.

"ಆಯ್ತಾ ಅಣ್ಣ ನನ್ ತಪ್ಪಲೆ?"

"ಇಲ್ಲಕ್ಕ... ಇನ್ನೂ ಕೈ ಹಾಕಿಲ್ಲ. ಕಲಾಯಿಗೆ ಹಾಕೋ ನವಸಾಗರ ಸಿಕ್ಕಿಲ್ಲ." ಅವನು ಕುಲುಮೆಯನ್ನೇ ನೋಡುತ್ತಾ ಅಂದ.

"ಆಗ್ಲಿ ಬಿಡ್ರಿ, ಅವಸರ ಏನೈತೆ. ಯಾಕ್ರಿ ಮುಖ ಸಪ್ಪಗೈತೆ? ಮೈಯಾಗೆ ಹುಷಾರಿಲ್ವಾ?" ಅಂದು ಮಡಿಲಿಂದ ಹಸಿ ಶೇಂಗಾ ಸುರಿದಳು. "ನಮ್ ಹೊಲದ್ದು, ತಿನ್ರಿ. ಅದೇನದು ಚೀಲ ಹೊದ್ಕೊಂಡು ನಿಂತಿರೋದು?"

"ಟಿವಿ ಬೊಂಬೆ ಚಿನ್ನಕ್ಕ! ಸಾಬ್ರು ಬಾಯಲ್ಲೇ ಅಲ್ಲ, ಕೈಯಲ್ಲೂ ಮಾಡವ್ರೆ" ಅಂತ ಎದುರಿಂದ ಪಾಲಣ್ಣ ಕೂಗಿದ.

"ನಾಚ್ಕೆ ಬೊಂಬೆ ಕಣಪ್ಪ, ಮುಸುಕು ಹಾಕ್ಕೊಂಡೈತೆ" ಅಂತ ಚಿನ್ನಕ್ಕ ನಕ್ಕೋತ ಬಸ್ಸಿಗೆ ಹೋದಳು.

ಒಂದು ಶೇಂಗಾ ಬಿಡಿಸೋಕೂ ಅವನಿಗೆ ಆಗಲಿಲ್ಲ. ಒಳಗಿಂದ ಹೆಂಡತಿ ಬಷೀರುನ್ನಿಸಾ ಎಲ್ಲ ಕೇಳಿಸಿಕೊಂಡಿದ್ದಳು. ತೂತು ಹೊಡೆದದ್ದೂ ಅವಳಿಗೆ ಗೊತ್ತಿತ್ತು. ಬೆಸುಗೆಯ ಕರೆ ಹತ್ತಿದ ಆ ಹಸಿರು ಚೂರನ್ನು ಸೋಪು ಹಾಕಿ ಒಗೆದು, ಅಂಗಡಿ ಮುಂದಿನ ತಂತಿಗೆ ಒಣಹಾಕಿದಳು. ಅವನು ತಲೆ ಎತ್ತಿದಾಗೆಲ್ಲ ಅದೇ ಕಾಣೋದು. ಸಂಜೆ ತನಕ ಯೋಚಿಸಿದ. ತೂತು ಮುಚ್ಚಿ, ಕಲಾಯಿ ಹಾಕಿ, ಹಳೇ ಪಾತ್ರೆ ತೂತು ಬಿದ್ದಿತ್ತು ಅಂತ ಹೇಳಬಹುದಿತ್ತು. ಅವಳು ನಂಬೋಳು. ನಂಬೋಳು ಅನ್ನೋದೇ ಅವನಿಗೆ ಮುಳ್ಳಾಯಿತು.

ಮರುದಿನ ಒಣಗಿದ ಚೂರನ್ನು ತಪ್ಪಲೆಗೆ ಕಟ್ಟಿ, ಚೀಲದಲ್ಲಿ ಗಾಳಿ ಊದೋ ಸಣ್ಣ ತಿದಿ, ಇದ್ದಲು ಹಾಕಿಕೊಂಡು ಬಸ್ಸು ಹತ್ತಿದ. ಚಿನ್ನಕ್ಕನ ಅಂಗಳದಲ್ಲಿ, ನೆರೆಯವರು ನಿಂತು ನೋಡುತ್ತಿದ್ದಂಗೆ ತಪ್ಪಲೆ ಮುಂದಿಟ್ಟ.

"ಅಕ್ಕ, ನಿನ್ನೆ ಸುಳ್ಳು ಹೇಳ್ದೆ. ಬೊಂಬೆಗೆ ಕಣ್ಣು ಮಾಡೋಕೆ ನಾನೇ ತೂತು ಹೊಡ್ದೆ. ಗುರುತಿನ ಬಟ್ಟೇನೂ ನಾನೇ ಬಿಚ್ಚಿದ್ದು."

ಚಿನ್ನಕ್ಕ ತಪ್ಪಲೆ ಎತ್ತಿಕೊಂಡಳು. ಆ ತೂತಿನಲ್ಲಿ ಬೆರಳಿಟ್ಟು ಸುತ್ತ ತಡವಿದಳು. "ನಮ್ಮಪ್ಪನ ಹೆಸ್ರು ಉಳ್ದೈತೆ. ಹೋಗಿದ್ದು ನಂದು ತಾನೆ" ಅಂದಳು. "ಕೂತ್ಕೊಂಡು ಇಲ್ಲೇ ಮುಚ್ರಿ. ನಾನು ನೋಡ್ಬೇಕು."

ಅವಳ ಕಣ್ಣೆದುರೇ ಎರಡು ಹಿತ್ತಾಳೆ ಬಿಲ್ಲೆ ಬೆಸೆದ. ಕಲಾಯಿ ಬೆಳ್ಳಿಯಂಗೆ ಹೊಳೆಯಿತು. ಬಿಲ್ಲೆಯ ಗುರುತು ಮಾತ್ರ ಹಂಗೇ ಉಳಿಯಿತು.

ರೋಬೋಟು ಅಂಗಡಿಯಲ್ಲಿ ತಲೆಯಿಲ್ಲದೆ ನಿಂತಿತು. "ಏನ್ ಸಾಬ್ರೇ, ತಲೆ ಎಲ್ಲೋಯ್ತು?" ಅಂತ ಪಾಲಣ್ಣ ಕೇಳಿದರೆ, "ಕೊಂಡ್ಲಹಳ್ಳಿಗೆ" ಅನ್ನೋನು. ಅಷ್ಟೇ.

ಮರುವರ್ಷ ಚಿನ್ನಕ್ಕ ಅದೇ ತಪ್ಪಲೆ ತಂದಿಟ್ಟಳು. ಮೊದಲಿನಂಗೇ ಅಣ್ಣ ಅಂದಳು, ಶೇಂಗಾ ಕೊಟ್ಟಳು. ಬಟ್ಟೆ ಚೂರಿಗೆ ಮಾತ್ರ ಈ ಸಲ ಒಂದರ ಬದಲು ನಾಲ್ಕು ಗಂಟು ಹಾಕಿದ್ದಳು. ಒಂದೊಂದು ಗಂಟು ಬಿಚ್ಚುವಾಗಲೂ ನೂರ್ ಅಹಮ್ಮದ್ ತಲೆ ಎತ್ತಲಿಲ್ಲ.