ಅಗಲ ಪಾದದ ಮಂಟಯ್ಯ

ಗೋಕುಲಂನ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ನಾಗಿ ಸೇರಿದಾಗ ಮಂಟಯ್ಯನಿಗೆ ಐವತ್ತೆರಡು. ಅದುವರೆಗೂ ನರಸೀಪುರದ ಕಡೆಯ ತನ್ನೂರಿನಲ್ಲಿ ಗದ್ದೆ ಗೇಯ್ದು, ಬರಿಗಾಲಿನಲ್ಲೋ ಹವಾಯಿ ಚಪ್ಪಲಿಯಲ್ಲೋ ಓಡಾಡಿಕೊಂಡಿದ್ದವನು. ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡ ಅಗಲ ಪಾದ ಅವನದು. ಕೆಲಸಕ್ಕಿಟ್ಟ ಸೆಕ್ಯೂರಿಟಿ ಏಜೆನ್ಸಿಯವರು ಕೊಟ್ಟ ಕಪ್ಪು ಬೂಟಿನ ಮೂತಿ ಚೂಪು. ಎಂಟು ನಂಬರು ಉದ್ದಕ್ಕೆ ಸರಿಹೋಯಿತು. ಅಗಲದ ವಿಚಾರ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊಸ ಬೂಟು ಒತ್ತದೆ ಇರುತ್ತದೆಯೇ ಎಂದುಕೊಂಡ.

ವರ್ಷ ತುಂಬುವ ಹೊತ್ತಿಗೆ ಬಲಗಾಲಿನ ಮೂರನೇ, ನಾಲ್ಕನೇ ಬೆರಳುಗಳ ನಡುವೆ ಉರಿ ಶುರುವಾಯಿತು. ಬೂಟಿನೊಳಗೆ ಕಲ್ಲು ಸೇರಿದೆಯೆಂದು ಕೊಡವಿ ನೋಡಿದ. ಏನೂ ಬೀಳಲಿಲ್ಲ. ಆಮೇಲಾಮೇಲೆ ಕಾರಿಗೆ ಗೇಟು ತೆರೆಯಲು ಹೆಜ್ಜೆಯೂರಿದರೆ ಸಾಕು, ಕರೆಂಟು ಹೊಡೆದಂತೆ ಬೆರಳ ತುದಿವರೆಗೂ ಜುಮ್ಮೆನ್ನುತ್ತಿತ್ತು. ಬೂಟು ಕಳಚಿ ಉಜ್ಜಿಕೊಂಡರಷ್ಟೇ ಹಾಯೆನಿಸುತ್ತಿತ್ತು.

"ಇದು ಶುಗರೇ ಕಣ್ರೀ. ನಮ್ಮಣ್ಣಂಗೂ ಇಂಗೇ ಉರೀತಿತ್ತು," ಎಂದಳು ಹೆಂಡತಿ ಪ್ರೇಮಮ್ಮ. ಆ ಅಣ್ಣ ಎರಡು ಬೆರಳು ಕಳೆದುಕೊಂಡಿದ್ದ. ಹೆದರಿಕೆಗೆ ಮಂಟಯ್ಯ ರಕ್ತ ಪರೀಕ್ಷೆಗೆ ಹೋಗಲೇ ಇಲ್ಲ. ಟೀಗೆ ಸಕ್ಕರೆ ಬಿಟ್ಟ, ಯುಗಾದಿಯ ಒಬ್ಬಟ್ಟನ್ನೂ ಮುಟ್ಟಲಿಲ್ಲ. ಉರಿ ಮಾತ್ರ ಹಾಗೆಯೇ ಉಳಿಯಿತು. ಕಾಲು ಹೋದವನೆಂದು ಕೆಲಸದಿಂದ ತೆಗೆದುಹಾಕಿಯಾರೆಂದು ಗೇಟಿನಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಎರಡನೇ ಮಹಡಿಯ ಬಿಂದು ಫಿಸಿಯೋಥೆರಪಿ ಮಾಡುವವಳು. ಒಂದು ಮಧ್ಯಾಹ್ನ ಸ್ಕೂಟರು ನಿಲ್ಲಿಸಿ ಬರುವಾಗ, ಮಂಟಯ್ಯ ಕ್ಯಾಬಿನ್ನಿನ ಹಿಂದೆ ಒಂದು ಬೂಟು ಕಳಚಿ ಕೂತಿದ್ದುದನ್ನು ಕಂಡಳು. ಅವನು ಗಡಿಬಿಡಿಯಿಂದ ಕಾಲು ತೂರಿಸತೊಡಗಿದ.

"ಹಾಕ್ಕೋಬೇಡಿ ಮಂಟಯ್ಯನವ್ರೇ, ಕಾಲು ತೋರಿಸಿ."

"ಏನಿಲ್ಲ ಬುಡಿ ಮೇಡಂ. ನೀವು ನನ್ ಕಾಲು ಮುಟ್ಟೋದಾ?"

"ದಿನಕ್ಕೆ ಹತ್ತು ಜನರ ಕಾಲು ಮುಟ್ತೀನಿ. ಅದೇ ನನ್ನ ಕೆಲಸ."

ಪಾದವನ್ನು ಎರಡೂ ಬದಿಯಿಂದ ಒತ್ತಿದಾಗ ಮಂಟಯ್ಯ ಹಲ್ಲು ಕಚ್ಚಿದ. ಬಿಂದು ಹಳೆಯ ಪೇಪರಿನ ಮೇಲೆ ಅವನನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಅದರ ಮೇಲೆ ಬೂಟಿಟ್ಟಳು. ಎರಡೂ ಕಡೆ ಗೆರೆ ಹೊರಗೆ ಇಣುಕಿತು.

"ಇಷ್ಟು ಕಾಲನ್ನ ಇಷ್ಟರೊಳಗೆ ತುರುಕ್ತಿದ್ದೀರಿ. ಬೆರಳಿಗೆ ಹೋಗೋ ನರ ಸಿಕ್ಕಿಕೊಂಡು ಊದಿರ್ಬೋದು. ಶುಗರ್‌ದಾದ್ರೆ ಸಾಮಾನ್ಯವಾಗಿ ಎರಡೂ ಕಾಲು ಉರಿಯುತ್ತೆ. ಆದ್ರೂ ಪರೀಕ್ಷೆ ಮಾಡಿಸಿಬಿಡಿ."

ಶುಗರ್ ಇರಲಿಲ್ಲ. ರಿಪೋರ್ಟು ಕೇಳಿ ಪ್ರೇಮಮ್ಮ ಆಸ್ಪತ್ರೆಯ ಬೆಂಚಿನ ಮೇಲೆಯೇ ಅತ್ತುಬಿಟ್ಟಳು. ಮೂಳೆ ಡಾಕ್ಟರು ಬಿಂದು ಹೇಳಿದ್ದನ್ನೇ ಹೇಳಿದರು: ಮುಂಭಾಗ ಅಗಲವಿರುವ ಬೂಟು, ಅಂಗಾಲಿನ ಕೆಳಗೊಂದು ಮೆತ್ತನೆಯ ಪ್ಯಾಡು, ಸಂಜೆ ತಣ್ಣೀರಿನ ಬಾಟಲಿಯ ಮೇಲೆ ಪಾದ ಉರುಳಿಸುವುದು, ನಡುನಡುವೆ ಕೂರುವುದು. ಕಡಿಮೆಯಾಗದಿದ್ದರೆ ಇಂಜೆಕ್ಷನ್ನು ನೋಡೋಣ ಎಂದರು.

ಈ ಬೂಟು ಆಗುವುದಿಲ್ಲವೆಂದರೆ ಏಜೆನ್ಸಿಯ ಸೂಪರ್‌ವೈಸರ್ ಕುಮಾರಸ್ವಾಮಿ ಒಪ್ಪಲಿಲ್ಲ. "ಯೂನಿಫಾರಂ ಅಂದ್ರೆ ಯೂನಿಫಾರಂ ಕಣ್ರೀ. ಚಪ್ಪಲೀಲಿ ನಿಂತ್ರೆ ನನ್ನನ್ನ ಬೈತಾರೆ."

ಎದುರು ಮಾತಾಡಿ ಗೊತ್ತಿಲ್ಲದ ಮಂಟಯ್ಯ ಬಿಂದು ಗೆರೆ ಎಳೆದ ಪೇಪರನ್ನು ಮೇಜಿನ ಮೇಲೆ ಬಿಡಿಸಿದ. ಬಲಗಾಲಿನ ಬೂಟು ಕಳಚಿ ಗೆರೆಯ ಮೇಲಿಟ್ಟ. "ಚಪ್ಪಲಿ ಕೇಳ್ತಿಲ್ಲ ಸಾ. ಕಪ್ಪು ಬೂಟೇ ಆಕ್ತೀನಿ. ನನ್ ಕಾಲಿನ ಅಳತೇದು ಕೊಡ್ಸಿ."

ಕುಮಾರಸ್ವಾಮಿ ಗೆರೆಯನ್ನೂ ಬೂಟನ್ನೂ ನೋಡಿದ. ಅವನೂ ಹಿಂದೆ ಎಂಟು ವರ್ಷ ಗೇಟಿನಲ್ಲಿ ನಿಂತವನೇ. "ಅಗ್ರಹಾರದಲ್ಲಿ ಅಳತೆಗೆ ಬೂಟು ಹೊಲಿಯೋರು ಒಬ್ರಿದ್ದಾರೆ. ಈ ಪೇಪರ್ ತೋರಿಸಿ. ಬಿಲ್ ತನ್ನಿ, ಆಫೀಸಲ್ಲಿ ನಾನು ಮಾತಾಡ್ತೀನಿ," ಎಂದ.

ಅಗಲದ ಬೂಟು ಬಂದ ಮೇಲೂ ನೋವು ಒಮ್ಮೆಲೇ ಹೋಗಲಿಲ್ಲ. ಮೂರು ತಿಂಗಳಿಗೆ ಮುಕ್ಕಾಲು ಪಾಲು ಇಳಿಯಿತು. ಇಡೀ ದಿನ ನಿಲ್ಲಬೇಕಾದಾಗ ಈಗಲೂ ಸ್ವಲ್ಪ ಚುರುಗುಟ್ಟುತ್ತದೆ. ಆದರೆ ರಜೆಯ ದಿನ ಮಂಟಯ್ಯ ಪ್ರೇಮಮ್ಮನ ಜೊತೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆಯುತ್ತಾನೆ. ಮೊನ್ನೆ ಅರ್ಧ ದಾರಿಯಲ್ಲಿ ಅವಳೇ ಬೆಂಚು ಹುಡುಕಿ ಕೂತಳು.

"ಬೆರಳು ಯಾಕೋ ಜೋಮು ಹಿಡೀತದೆ ಕಣ್ರೀ."

ಮಂಟಯ್ಯ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಚಪ್ಪಲಿ ಬುಚ್ಚು, ನೋಡಾನ," ಎಂದ.