ಸಾಹೇಬರ ತಟ್ಟಿ, ಊರಿನ ಹರವಿ

ರಾಯಚೂರಿನ ಬಿಸಿಲಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎನ್ನುವವರು ಎಪ್ಪತ್ತರ ದಶಕದ ಆ ಸರಕಾರಿ ಕಚೇರಿಯನ್ನು ನೋಡಿಲ್ಲ. ಅಲ್ಲಿ ದೊಡ್ಡ ಸಾಹೇಬರ ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟುತ್ತಿದ್ದರು. ಯುಗಾದಿಯಿಂದ ಮಳೆಗಾಲದವರೆಗೆ ಅದು ಒಣಗದಂತೆ ನೀರು ಚಿಮುಕಿಸುವುದು ಮೀರಾಹುಸೇನನ ಕೆಲಸ. ಹೊರಗೆ ಅವನು ಬೇಯಬೇಕು, ಒಳಗೆ ಸಾಹೇಬರು ತಂಪಾಗಬೇಕು. ಮಳೆ ಬಿದ್ದೊಡನೆ ಅವನನ್ನು ಮನೆಗೆ ಕಳಿಸುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅವನಿಗೂ ಹೊಟ್ಟೆಯಿದೆ ಎಂಬುದು ಸರಕಾರಕ್ಕೆ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹೆಡ್ ಕ್ಲಾರ್ಕ್ ತಾಯಣ್ಣ ಅವನನ್ನು ಕರೆದು ಹೇಳಿದ್ದ: "ನಿನ್ನ ಕಾಯಂ ಮಾಡೋ ಆರ್ಡರ್ ಸಾಹೇಬ್ರ ಟೇಬಲ್ ಮ್ಯಾಲ ಅದ. ಸಹಿ ಬೀಳೂತನ ಸುಮ್ನ ತಟ್ಟಿ ತೋಯ್ಸು." ಮೀರಾಹುಸೇನನ ಹೆಂಡತಿ ವಾಹಿದಾ ಅವತ್ತಿನಿಂದಲೇ ಓಣಿಯಲ್ಲಿ ಸರಕಾರಿ ನೌಕರನ ಹೆಂಡತಿಯಾಗಿ ಓಡಾಡತೊಡಗಿದಳು.

ಅಷ್ಟರಲ್ಲಿ ಕಚೇರಿಯ ಬಾವಿ ತಳ ಕಂಡಿತು. ಸಾಹೇಬರು ತಂಪು ಕೋಣೆಯಲ್ಲಿ ಸಭೆ ಕರೆದು, ನೀರಿನ ಉಳಿತಾಯದ ಬಗ್ಗೆ ಗಂಟಲು ಒಣಗುವವರೆಗೆ ಮಾತಾಡಿದರು. ಪಾಪ, ನಡುನಡುವೆ ನೀರು ಕುಡಿಯಬೇಕಾಯಿತು. ನೀರು ಪೋಲಾಗುವುದೆಲ್ಲಿ ಎಂದು ಎಲ್ಲರೂ ಸೇರಿ ಹುಡುಕಿದರು. ತಟ್ಟಿ ಯಾರ ಕಣ್ಣಿಗೂ ಬೀಳಲಿಲ್ಲ. ಹಳ್ಳಿಯಿಂದ ಬಂದವರಿಗೆಂದು ಪಡಸಾಲೆಯಲ್ಲಿಟ್ಟ ಕುಡಿಯುವ ನೀರಿನ ಮಣ್ಣಿನ ಹರವಿ ಕಣ್ಣಿಗೆ ಬಿತ್ತು. ಮರುದಿನ ಹರವಿ ಹೋಗಿ ಆ ಜಾಗಕ್ಕೆ 'ನೀರು ಉಳಿಸಿರಿ' ಎಂಬ ಬೋರ್ಡು ಬಂತು. ಓದಲು ಬಾರದವರು ಅದರ ಹಿಂದೆ ಹೋಗಿ ನಲ್ಲಿ ಹುಡುಕುತ್ತಿದ್ದರು. ಅಂಥ ಉಳಿತಾಯಕ್ಕಿಷ್ಟು ಬೆಂಕಿ ಹಾಕ.

ವೃದ್ಧಾಪ್ಯ ವೇತನ ಕೇಳಲು ಅರಕೇರಾದಿಂದ ಬಂದಿದ್ದ ಮುದುಕಿ ಮಾನಮ್ಮ ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಮೀರಾಹುಸೇನನ ಹತ್ತಿರ ಬಂದಳು.

"ಯಪ್ಪಾ, ಒಂದೀಟು ನೀರು ಕೊಡು. ಕಣ್ಣಿಗಿ ಕತ್ತಲಿ ಬರಾಕತ್ತದ."

ಬಕೆಟ್ಟಿನಲ್ಲಿದ್ದದ್ದು ಸಂಜೆಯವರೆಗಿನ ಪಾಲು. ತಟ್ಟಿ ಒಣಗಿದರೆ ಆರ್ಡರಿನ ಗತಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚರಿಗೆ ತುಂಬಿ ಕೊಟ್ಟ.

"ಸಾವಕಾಶ ಕುಡಿ ಯವ್ವಾ."

ಅದನ್ನು ಕಂಡು ಪಡಸಾಲೆಯಲ್ಲಿದ್ದ ಉಳಿದವರೂ ಬಂದರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಬಕೆಟ್ ಬರಿದಾಯಿತು.

ಸ್ವಲ್ಪ ಹೊತ್ತಿಗೆ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬಿಸಿಲಿಗೆ ಬಂದರು. ಬೇಸಿಗೆಯಲ್ಲಿ ಅವರು ಬಿಸಿಲು ಕಂಡದ್ದು ಅದೇ ಮೊದಲಿರಬೇಕು.

"ತಟ್ಟಿ ಯಾಕ ಒಣಗ್ಯಾದ? ನೀರೆಲ್ಲಾ ಎಲ್ಲಿ ಚೆಲ್ಲಿದಿ?"

"ಚೆಲ್ಲಿಲ್ಲರೀ ಸಾಹೇಬ್ರ. ಮಂದಿ ಕುಡದಾರ."

ಅದನ್ನೇ ಪೋಲು ಅನ್ನುತ್ತಾರೆ ಎಂದು ಸಾಹೇಬರು ಅವನಿಗೆ ತಿಳಿಸಿಕೊಟ್ಟರು. ಆರ್ಡರ್ ಅವತ್ತೇ ಹರಿದುಹೋಯಿತು. ಮೀರಾಹುಸೇನ ಅಕ್ಕಿ ಚೀಲ ಹೊರಲು ಮಾನ್ವಿಗೆ ಹೋದ. ವಾಹಿದಾ ಓಣಿಯಲ್ಲಿ ತಲೆ ತಗ್ಗಿಸಿ ಓಡಾಡಿದಳು, ಅವನು ಮಾತ್ರ ತಗ್ಗಿಸಲಿಲ್ಲ.

ನೀರು ಉಳಿಸಿದ್ದಕ್ಕೆ ಕಚೇರಿಗೆ ಮೇಲಿನವರಿಂದ ಶಹಬ್ಬಾಸ್‌ಗಿರಿ ಬಂತು. ಮೀರಾಹುಸೇನನ ಜಾಗಕ್ಕೆ ಇಬ್ಬರನ್ನು ತೆಗೆದುಕೊಂಡರು. ಒಬ್ಬ ತಟ್ಟಿಗೆ ನೀರು ಚಿಮುಕಿಸಲು, ಇನ್ನೊಬ್ಬ ಆ ನೀರನ್ನು ಯಾರೂ ಕುಡಿಯದಂತೆ ಕಾಯಲು.