ಕನ್ನಡಿ ಇಲ್ಲದ ಕ್ರಾಪು

ಮದುವೆ ಫೋಟೊ ತೆಗೆಯುವ ಕೆಲಸ ಒಪ್ಪಿಕೊಳ್ಳಲು ಪಾವಗಡದ ಕಡೆಯ ತಿರುಮಣಿಗೆ ಹೋಗಿದ್ದೆ. ಹೆಣ್ಣಿನ ತಂದೆ ಕೇಳಿದರು, "ಯಾವ್ ಕ್ಯಾಮೆರಾನಯ್ಯಾ ತರ್ತೀಯ?"

"ಹಳೇದು ಕೈ ಕೊಡ್ತು ಸ್ವಾಮಿ, ಹೊಸದು ತಗಂತಾ ಇದೀನಿ. ಮಿರರ್‌ಲೆಸ್ಸು, ಕ್ರಾಪ್ ಸೆನ್ಸರು."

"ಏಮಯ್ಯಾ, ಕನ್ನಡೀನೇ ಇಲ್ಲ, ಬರೀ ಕ್ರಾಪು ಅಂತೀಯ! ಕಟಿಂಗ್ ಶಾಪ್ ಮಡಗ್ತಾ ಇದೀಯಾ?"

ಜಗಲಿ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಕನ್ನಡಿ ಇಲ್ಲದ, ಚಿತ್ರ ಹಿಡಿಯುವ ಸೆನ್ಸರ್ ಸ್ವಲ್ಪ ಚಿಕ್ಕದಿರುವ ಹಗುರ ಕ್ಯಾಮೆರಾ ಅದು. ದಿನವಿಡೀ ಕತ್ತಿನಲ್ಲಿದ್ದರೂ ಭುಜ ಬಿದ್ದುಹೋಗುವುದಿಲ್ಲ ಎಂದು ವಿವರಿಸಿದೆ. ಹೆಣ್ಣಿನ ತಂದೆ ನಗು ನಿಲ್ಲಿಸಿದರು.

"ದೊಡ್ಡ ಮಗಳ ಮದ್ವೇಗ್ ಬಂದಿದ್ದೋನು ಜೀರಿಗೆ-ಬೆಲ್ಲ ಹಾಕೋ ಫೋಟೋನೇ ತಪ್ಪುಸ್ಬುಟ್ಟ. ಅವ್ಳು ಇವತ್ತಿಗೂ ಆಲ್ಬಮ್ ತೆಗ್ಯಲ್ಲ. ನೀನೂ ತಪ್ಪುಸ್ದೋ, ಈ ಕಡೆ ಬಸ್ಸೇ ಹತ್ಬೇಡ."

ಅಂತರಪಟ ಸರಿದ ಕೂಡಲೇ ಹೆಣ್ಣು ಗಂಡು ಒಬ್ಬರ ತಲೆ ಮೇಲೊಬ್ಬರು ಜೀರಿಗೆ-ಬೆಲ್ಲ ಹಾಕುತ್ತಾರೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿರುತ್ತದೆ. ಪಾವಗಡದ ಕಡೆ ನನ್ನ ಹೆಸರು ಉಳಿಯುವುದು ಆ ಒಂದು ಫೋಟೊದ ಮೇಲೆ ನಿಂತಿತು. ಯಾವ ಕಂಪನಿಯದನ್ನು ಕೊಳ್ಳಲಿ? ಒಂದರ ಲೆನ್ಸು ಇನ್ನೊಂದಕ್ಕೆ ಕೂರುವುದಿಲ್ಲ. ಕಟ್ಟಿಕೊಂಡ ಮೇಲೆ ಬಾಳಲೇಬೇಕು.

ಶಿರಾದ ಗೆಳೆಯನ ಸ್ಟುಡಿಯೊದಲ್ಲಿ ಒಂದು ಕಂಪನಿಯದಿತ್ತು, ಕೊರಟಗೆರೆ ಗೆಳೆಯನ ಸ್ಟುಡಿಯೊದಲ್ಲಿ ಅದರ ಎದುರಾಳಿಯದು. ಮಧುಗಿರಿಯ ನನ್ನ ಅಂಗಡಿಗೆ ಇಬ್ಬರನ್ನೂ ಕರೆಸಿ ಟೀ ಕೊಡಿಸಿದೆ.

"ನಂದು ಫೋಕಸ್ಸಲ್ಲಿ ಕಣ್ಣು ಹಿಡ್ಕಂಡ್ರೆ ಬುಡಲ್ಲ ಭಾಯ್," ಎಂದ ಶಿರಾದವನು.

"ಹಿಡ್ಕಂಡು ಏನ್ಲಾ ಮಾಡ್ತೀಯ? ಮದ್ಲಿಂಗಿತ್ತಿ ಕಾಮಾಲೆ ಬಂದೋಳಂಗ್ ಕಾಣ್ತಾಳೆ! ನಂದ್ರಲ್ಲಿ ಅರಿಶಿಣ ಅರಿಶಿಣದಂಗೇ ಬತ್ತದೆ," ಎಂದ ಕೊರಟಗೆರೆಯವನು.

"ಬತ್ತದೆ ಬತ್ತದೆ. ಅದು ಫೋಕಸ್ ಮಾಡೋಷ್ಟ್ರಲ್ಲಿ ನಾಮಕರಣನೂ ಮುಗ್ದಿರ್ತದೆ!"

ಇಬ್ಬರನ್ನೂ ನಾನು ನಂಬಲಿಲ್ಲ. ಶಾಲೆ ಬೇಗ ಬಿಟ್ಟವನು ನಾನು. ಕೈಯಾರೆ ಮಾಡಿ ನೋಡದೆ ಯಾವುದನ್ನೂ ಒಪ್ಪಿ ಅಭ್ಯಾಸವಿಲ್ಲ. ಎರಡೂ ಕ್ಯಾಮೆರಾ ಇಸಿದುಕೊಂಡು ಮನೆಗೆ ಬಂದೆ. ಹೆಂಡತಿಯ ಕೆನ್ನೆಗೆ ಅರಿಶಿಣ ಹಚ್ಚಿ, ಹಣೆಗೆ ಬಾಸಿಂಗ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದೆ. ಅವಳ ಮುಂದೆ ಹಗ್ಗಕ್ಕೆ ಪಂಚೆ ಇಳಿಬಿಟ್ಟು ಅಂತರಪಟವನ್ನೂ ಮಾಡಿದೆ.

"ಯಾರಾನಾ ನೋಡುದ್ರೆ ಇವ್ರಿಗೆ ಇನ್ನೊಂದ್ ಮದ್ವೆ ಹುಚ್ಚು ಹಿಡೀತು ಅಂತಾರೆ ಕಣ್ರೀ. ಬಿರ್ನೆ ತೆಗೀರಿ," ಎಂದಳು ಪಂಚೆಯ ಹಿಂದಿನಿಂದ.

ಪಂಚೆಯನ್ನು ಸರಕ್ಕನೆ ಎಳೆಯುವುದು, ಒತ್ತುವುದು. ಮತ್ತೆ ಎಳೆಯುವುದು, ಒತ್ತುವುದು. ಕೊರಟಗೆರೆಯದರಲ್ಲಿ ಅರಿಶಿಣ ಬೆರಳಿಗೆ ಹತ್ತುವಂತಿತ್ತು. ಆದರೆ ಫೋಕಸ್ಸು ಬಾಸಿಂಗದ ಹೊಳೆಯುವ ಮಣಿಗಳ ಮೇಲೆ ಹೋಗಿ ಕೂತು ಅವಳ ಕಣ್ಣು ಮಸುಕಾಗುತ್ತಿತ್ತು. ಶಿರಾದ್ದು ಮಣಿಗಳ ಹಿಂದಿದ್ದ ಕಣ್ಣನ್ನೇ ಹಿಡಿಯಿತು. ಅರಿಶಿಣ ಮಾತ್ರ ಒಂದಿಷ್ಟು ಹಸಿರಿಗೆ ತಿರುಗಿತ್ತು. ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬಲ್ಲೆ. ತಪ್ಪಿದ ಜೀರಿಗೆ-ಬೆಲ್ಲವನ್ನು ಎಲ್ಲಿಂದ ತರಲಿ? ಶಿರಾದವನ ಕಂಪನಿಯದನ್ನೇ ಕೊಂಡೆ.

ಮದುವೆಯ ದಿನ ಪುರೋಹಿತರು ಹೇಳುವ ಮೊದಲೇ ಅಂತರಪಟ ಸರಿಯಿತು. ಹಿಡಿದಿದ್ದವರ ಕೈ ಜಾರಿತ್ತು. ಹೆಣ್ಣು ನಗುತ್ತಾ ಜೀರಿಗೆ-ಬೆಲ್ಲ ಹಾಕಿಯೇಬಿಟ್ಟಳು. ಅಷ್ಟರಲ್ಲಿ ನನ್ನ ಬೆರಳೂ ಒತ್ತಿತ್ತು.

ಧಾರೆ ಮುಗಿದ ಮೇಲೆ ತಂದೆಗೆ ಕ್ಯಾಮೆರಾದ ಪರದೆ ತೋರಿಸಿದೆ. ಬಾಸಿಂಗದ ಮಣಿಗಳ ಹಿಂದೆ ನಗುವ ಕಣ್ಣು, ಗಾಳಿಯಲ್ಲೇ ನಿಂತ ಜೀರಿಗೆ ಕಾಳು. ಅವರು ಅಲ್ಲಿಂದಲೇ ದೊಡ್ಡ ಮಗಳನ್ನು ಕೂಗಿದರು. ಆಕೆ ಬಂದು ಬಹಳ ಹೊತ್ತು ನೋಡಿದಳು.

"ನನ್ ಮದ್ವೆ ದಿನ ಎಲ್ಲೋಗಿದ್ಯಣ್ಣಾ ನೀನು?" ಎಂದಳು.

ತಂದೆ ನನ್ನ ರಟ್ಟೆ ಹಿಡಿದು ಕರೆದೊಯ್ದು ಮೊದಲ ಪಂಕ್ತಿಯಲ್ಲಿ, ಬೀಗರ ಪಕ್ಕದಲ್ಲೇ ಕೂರಿಸಿದರು. ನಮ್ಮ ಕಡೆ ಫೋಟೊದವರದು ಯಾವಾಗಲೂ ಕೊನೆಯ ಪಂಕ್ತಿ, ಹಪ್ಪಳ ಮುಗಿದ ಮೇಲಿನ ಊಟ. ಅಂದು ಕ್ಯಾಮೆರಾವನ್ನು ತೊಡೆ ಮೇಲಿಟ್ಟುಕೊಂಡು, ಕೇಳಿ ಕೇಳಿ ಹಾಕಿಸಿಕೊಂಡು ಒಬ್ಬಟ್ಟು ತಿಂದೆ.